ದೂರವೆಂಬ ಗುಣ

ಕೊಯಮತ್ತೂರಿಗೂ ಬೆಂಗಳೂರಿಗೂ ನಡುವೆ ಇರುವ ದೂರವೆಷ್ಟು ಎಂಬ ಪ್ರಶ್ನೆ ಸರಳವಾಗಿ ತೋರಿದರೂ, ಅದರ ಉತ್ತರ ಮಾತ್ರ ಪ್ರಯಾಣಿಕನ ವಾಹನವನ್ನನುಸರಿಸಿ ಬದಲಾಗುತ್ತ ಹೋಗುತ್ತದೆ. ಪೀಳಮೇಡಿನ ವಿಮಾನನಿಲ್ದಾಣದಿಂದ ದೇವನಹಳ್ಳಿಯ ನಿಲ್ದಾಣಕ್ಕೆ ಭೂಪಟದ ಮೇಲೆ ಋಜುರೇಖೆಯೊಂದನ್ನು ಎಳೆದರೆ ಸುಮಾರು 250 ಕಿಲೋಮೀಟರು; ಸೇಲಂ, ಧರ್ಮಪುರಿ, ಹೊಸೂರುಗಳನ್ನು ಹಾಯ್ದು ಬರುವ ವಿಶಾಲವಾದ ಹೆದ್ದಾರಿಯಲ್ಲಿ 360ರ ಆಸುಪಾಸು; ಅನ್ನೂರು, ಪುಳಿಯಂಪಟ್ಟಿ, ಸತ್ಯಮಂಗಲಗಳ ಮೇಲೆ ಬಂದು, ದಿಂಬದ ಘಟ್ಟವನ್ನೇರಿ, ಚಾಮರಾಜನಗರ, ಕೊಳ್ಳೇಗಾಲ, ಮಳವಳ್ಳಿ, ಕನಕಪುರಗಳ ಮಾರ್ಗವಾಗಿ ರಾಜಧಾನಿಯನ್ನು ಸೇರುವ ಹಳೆಯ ರಸ್ತೆಯಲ್ಲಿ 300ನ್ನು ತುಸು ಮೀರಿದ್ದು. ಕಾಲದ ಲೆಕ್ಕವಂತೂ ಇದಕ್ಕಿಂತಲೂ ಚಂಚಲವಾದುದು. ವಿಮಾನ ನೆಲವನ್ನು ಬಿಟ್ಟು ಮರಳಿ ನೆಲವನ್ನು ಮುಟ್ಟುವುದಕ್ಕೆ ಮುಕ್ಕಾಲು ಗಂಟೆ ಸಾಕಾದರೂ ವೇಳಾಪಟ್ಟಿ ಒಂದು ಗಂಟೆಯೆನ್ನುತ್ತದೆ; ಮನೆಯ ಹೊಸ್ತಿಲಿಂದ ಮನೆಯ ಹೊಸ್ತಿಲಿಗೆ ಎಣಿಸಿದರೆ ಅದೇ ಪ್ರಯಾಣ ನಾಲ್ಕೈದು ಗಂಟೆಗಳಾಗುತ್ತದೆ; ರಸ್ತೆಯಲ್ಲಾದರೆ ಏಳೆಂಟು. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ನಿಲ್ದಾಣ ತೆರೆದಂದಿನಿಂದ, ಇಡೀ ಕೊಂಗುನಾಡನ್ನೂ ಕಾವೇರಿಯನ್ನೂ ಅರ್ಧ ಹಳೆಯ ಮೈಸೂರನ್ನೂ ದಾಟುವುದಕ್ಕೆ ತಗಲುವ ಕಾಲಕ್ಕಿಂತ ಆ ನಿಲ್ದಾಣದಿಂದ ಜಯನಗರದ ಮನೆಗೆ ತಲುಪುವುದಕ್ಕೆ ಹೆಚ್ಚು ಕಾಲ ತಗಲುತ್ತದೆಂಬುದು ಬೆಂಗಳೂರಿನವರಿಗೆಲ್ಲ ತಿಳಿದ ಸಂಗತಿ.

ಲೌಕಿಕನಿಗೆ ಇದು ಬರಿಯ ಮಾರ್ಗಭೇದ. ಟಿಕೆಟ್ಟಿನ ಬೆಲೆಯನ್ನೂ ತನ್ನ ಬೆನ್ನುನೋವನ್ನೂ ತೂಗಿ ನೋಡಿ ಒಂದನ್ನು ಆರಿಸಿಕೊಂಡರೆ ಅವನ ಚಿಂತೆ ಮುಗಿಯಿತು. ಆದರೆ ದೇವರನ್ನು ಕುರಿತು ಮಾತನಾಡಹೊರಟಾಗಲೆಲ್ಲ ನಮ್ಮ ಪೂರ್ವಿಕರು ದೂರಸಮೀಪಗಳ ಪರಿಭಾಷೆಯನ್ನೇ ಬಳಸಿದರೆಂಬುದು ವಿಚಾರಾರ್ಹ. ಈಶಾವಾಸ್ಯ ಆತ್ಮವಸ್ತುವನ್ನು ದೂರದಲ್ಲಿರುವುದೆಂದೂ ಹತ್ತಿರದಲ್ಲಿರುವುದೆಂದೂ ಒಂದೇ ಉಸಿರಿನಲ್ಲಿ ವರ್ಣಿಸುತ್ತದೆ. ಕಠೋಪನಿಷತ್ತು ದೇಹವನ್ನು ರಥವೆಂದೂ ಇಂದ್ರಿಯಗಳನ್ನು ಕುದುರೆಗಳೆಂದೂ ಕಲ್ಪಿಸಿ, ದಾರಿಯ ಕೊನೆಯಲ್ಲಿ ವಿಷ್ಣುವಿನ ಪರಮಪದವನ್ನು ಇರಿಸುತ್ತದೆ. ವೇಗದಿಂದ ದೂರ ನಿಜವಾಗಿಯೂ ಕಡಿಮೆಯಾಗುವುದಾದರೆ, ಆ ಪರಮಪದದ ದೂರವನ್ನು ಕಡಿಮೆ ಮಾಡುವ ವೇಗವೊಂದೂ ಎಲ್ಲಿಯಾದರೂ ಇರಬೇಕಾಗುತ್ತದೆ. ಕಡಿಮೆಯಾಗುವುದಿಲ್ಲವೆಂದರೆ, ವಿಮಾನವೇರಿದವನು ಉಳಿಸಿಕೊಂಡೆನೆಂದು ಹಿಗ್ಗುವುದಾದರೂ ಏನನ್ನು ಎಂಬುದನ್ನು ಹೇಳಬೇಕಾಗುತ್ತದೆ. ಈ ಪ್ರಶ್ನೆಯನ್ನು ನಾನು ಎರಡು ಮಹಾನಗರಗಳ ಕಡೆಯಿಂದಲ್ಲ, ಅವೆರಡರ ನಡುವೆ ಬೀಳುವ ಅನ್ನೂರಿನ ಕಡೆಯಿಂದ ನೋಡಲೆಳಸುತ್ತೇನೆ.

ಅನ್ನೂರು ಕೊಯಮತ್ತೂರಿನ ಈಶಾನ್ಯಕ್ಕೆ ಸುಮಾರು 30 ಕಿಲೋಮೀಟರು ದೂರದಲ್ಲಿರುವ ಪಟ್ಟಣ. ಮೇಟ್ಟುಪಾಳಯದಿಂದ ಅವಿನಾಶಿಗೆ ಹೋಗುವ ರಸ್ತೆಯೂ ಕೊಯಮತ್ತೂರಿನಿಂದ ಸತ್ಯಮಂಗಲಕ್ಕೆ ಹೋಗುವ ರಸ್ತೆಯೂ ಇಲ್ಲಿ ಒಂದನ್ನೊಂದು ಕತ್ತರಿಸುತ್ತವೆ. ಮಳೆ ಕಡಿಮೆಯಾದ ಬಯಲು. ಭವಾನಿಯ ಹೆಚ್ಚುವರಿ ನೀರನ್ನು ಪಂಪುಗಳಿಂದ ಎತ್ತಿ ಇಲ್ಲಿಯ ಕೆರೆಗಳನ್ನು ತುಂಬಿಸುವ ಅತ್ತಿಕ್ಕಡವು–ಅವಿನಾಶಿ ಯೋಜನೆ, ದಶಕಗಳ ಬೇಡಿಕೆಯ ತರುವಾಯ, 2024ರ ಆಗಸ್ಟಿನಲ್ಲಿ ಉದ್ಘಾಟನೆಯಾಯಿತು. ಕಣ್ಣಳತೆಯಲ್ಲಿ ಹರಿಯುವ ನದಿಯ ನೀರು ಬರುವುದಕ್ಕೆ ಇಷ್ಟು ಕಾಲ ಬೇಕಾಯಿತು. ಊರಿನ ದೇವರು ಮನ್ನೀಶ್ವರ. ಗೆಡ್ಡೆ ಅಗೆದು ಬದುಕುತ್ತಿದ್ದ ಅನ್ನಿಯೆಂಬ ಬೇಡನ ಹಾರೆಗೆ ಈ ಲಿಂಗ ಸಿಕ್ಕಿತೆಂದು ಸ್ಥಳಪುರಾಣ. ದೇವರನ್ನರಸಿ ಎಲ್ಲಿಗೂ ಹೋಗದವನಿಗೆ, ಹಸಿವಿನ ದೆಸೆಯಿಂದ ಕಾಲ ಕೆಳಗಣ ನೆಲವನ್ನೇ ಕೆದಕಿದವನಿಗೆ ದೇವರು ದೊರೆತನೆಂಬ ಈ ಕಥೆಯಲ್ಲಿ ನಮ್ಮ ಪ್ರಶ್ನೆಗೆ ಒಂದು ಉತ್ತರ ಆಗಲೇ ಅಡಗಿದೆಯಾದರೂ, ಬೇಡನ ಉತ್ತರವನ್ನು ತಾರ್ಕಿಕರು ಅಷ್ಟು ಸುಲಭವಾಗಿ ಒಪ್ಪತಕ್ಕವರಲ್ಲ.

ತಾರ್ಕಿಕರು, ಅದರಲ್ಲಿಯೂ ವೈಶೇಷಿಕರು, ದೂರವನ್ನು ಗುಣಗಳ ಪಟ್ಟಿಯಲ್ಲಿ ಎಣಿಸಿದರು. ರೂಪ, ರಸ, ಗಂಧ, ಸ್ಪರ್ಶಗಳಿಂದ ಮೊದಲಾಗುವ ಇಪ್ಪತ್ತನಾಲ್ಕು ಗುಣಗಳ ನಡುವೆ ಪರತ್ವ, ಅಪರತ್ವ ಎಂಬ ಎರಡು ಬರುತ್ತವೆ. ಅನ್ನಂಭಟ್ಟನ ತರ್ಕಸಂಗ್ರಹವನ್ನು ಪಾಠಶಾಲೆಯಲ್ಲಿ ಓದಿದ ಹುಡುಗನೂ ಇವನ್ನು ಬಲ್ಲ. ಇವು ದಿಕ್ಕೃತವೆಂದೂ ಕಾಲಕೃತವೆಂದೂ ಎರಡು ವಿಧ: ದೇಶದ ದೂರಸಮೀಪ ಮೊದಲನೆಯದು, ವಯಸ್ಸಿನ ಹಿರಿಕಿರಿತನ ಎರಡನೆಯದು. ಪಾಟಲಿಪುತ್ರ ದೂರ, ಕಾಶಿ ಹತ್ತಿರ ಎಂಬ ಮಾತನ್ನೂ ಅಜ್ಜ ಹಿರಿಯ, ಮೊಮ್ಮಗ ಕಿರಿಯ ಎಂಬ ಮಾತನ್ನೂ ಒಂದೇ ಬಗೆಯ ಗುಣದ ಎರಡು ರೂಪಗಳೆಂದು ಕಂಡದ್ದು ಸಾಮಾನ್ಯವಾದ ಬುದ್ಧಿಯಲ್ಲ. ರಸ್ತೆಯ ಬದಿಯ ಫಲಕಗಳು ಕಿಲೋಮೀಟರಿನ ಪಕ್ಕದಲ್ಲಿ ನಿಮಿಷಗಳನ್ನು ಬರೆಯುವ ಈ ಕಾಲದಲ್ಲಿ ಅದರ ಬೆಲೆ ನಮಗೆ ಇನ್ನಷ್ಟು ಚೆನ್ನಾಗಿ ತಿಳಿಯುತ್ತದೆ.

ಈ ಗುಣ ಹುಟ್ಟುವುದು ಹೇಗೆ ಎಂಬಲ್ಲಿ ಅವರ ಸೂಕ್ಷ್ಮತೆ ಕಾಣುತ್ತದೆ. ಹದಿನೇಳನೆಯ ಶತಮಾನದ ವಿಶ್ವನಾಥ ಪಂಚಾನನ ಸಂಗ್ರಹಿಸಿ ಹೇಳುವಂತೆ, ನೋಡುವವನಿಗೂ ವಸ್ತುವಿಗೂ ನಡುವೆ ಮೂರ್ತಪದಾರ್ಥಗಳ ಸಂಯೋಗಗಳು ಬಹಳವಾಗಿವೆಯೆಂಬ ಜ್ಞಾನದಿಂದ ಪರತ್ವವೂ, ಅವು ಅಲ್ಪವೆಂಬ ಜ್ಞಾನದಿಂದ ಅಪರತ್ವವೂ ಉತ್ಪನ್ನವಾಗುತ್ತವೆ. ಅಂದರೆ ದೂರವೆಂಬುದು ಖಾಲಿಯಾದ ಆಕಾಶದ ಉದ್ದವಲ್ಲ. ನಡುವೆ ಒಂದಕ್ಕೊಂದು ತಾಗಿಕೊಂಡಿರುವ ವಸ್ತುಗಳ ಸಮೃದ್ಧಿ. ಇದರ ಜೊತೆಗೆ ಅಪೇಕ್ಷಾಬುದ್ಧಿಯೆಂಬುದೊಂದು ಬೇಕು: ಇದಕ್ಕಿಂತ ಅದು ಎಂದು ಹೋಲಿಸಿ ಗ್ರಹಿಸುವ ಚೇತನದ ವ್ಯಾಪಾರ. ಆ ಬುದ್ಧಿ ನಾಶವಾದರೆ ಗುಣವೂ ನಾಶವಾಗುತ್ತದೆಂದು ಅವರ ಭಾಷ್ಯಕಾರ ಪ್ರಶಸ್ತಪಾದನೇ ಹೇಳಿದ್ದಾನೆ. ಕೆಂಪು ಹೂವಿನಲ್ಲಿ ಕೆಂಪು ಇರುವಂತೆ ಊರಿನಲ್ಲಿ ದೂರ ಇಲ್ಲ. ಆದರೂ ಅದು ಭ್ರಾಂತಿಯಲ್ಲ. ನಡುವಣ ವಸ್ತುಗಳೂ ನಡುವನ್ನು ಬಲ್ಲ ಮನಸ್ಸೂ ಕೂಡಿದ ಹೊತ್ತಿನಲ್ಲಿ ಮಾತ್ರ ಅದು ನಿಜವಾಗಿ ಉಂಟಾಗುತ್ತದೆ.

ಈ ಸಿದ್ಧಾಂತವನ್ನು ಹಿಡಿದು ಅನ್ನೂರಿನ ರಸ್ತೆಯನ್ನು ನೋಡೋಣ. ಕೊಯಮತ್ತೂರಿನ ಗಾಂಧಿಪುರವನ್ನು ಬಿಟ್ಟ ಬಸ್ಸು ಗಣಪತಿ, ಸರವಣಂಪಟ್ಟಿ, ಕೋವಿಲ್‌ಪಾಳಯಗಳನ್ನು ಕಳೆದು ಅನ್ನೂರಿನಲ್ಲಿ ನಿಲ್ಲುತ್ತದೆ. ಮುಂದೆ ಪುಳಿಯಂಪಟ್ಟಿ, ಆಮೇಲೆ ಭವಾನೀತೀರದ ಸತ್ಯಮಂಗಲ. 1790ರ ಸೆಪ್ಟೆಂಬರಿನಲ್ಲಿ ಗಜಲಹಟ್ಟಿಯ ಕಣಿವೆಯಿಂದಿಳಿದು ಬಂದ ಟೀಪೂವಿನ ಸೈನ್ಯ ಈಸ್ಟ್ ಇಂಡಿಯಾ ಕಂಪೆನಿಯ ಸೇನಾನಿ ಫ್ಲಾಯ್ಡನನ್ನು ಎದುರಿಸಿ ಹಿಮ್ಮೆಟ್ಟಿಸಿದ್ದು ಈ ಪ್ರದೇಶದಲ್ಲಿಯೇ. ಪಶ್ಚಿಮಕ್ಕೆ, 1955ರಲ್ಲಿ ಪೂರ್ಣವಾದ ಭವಾನಿಸಾಗರದ ಜಲರಾಶಿಯೊಳಗೆ, ಹೊಯ್ಸಳರ ದಂಡನಾಯಕರು ಕಟ್ಟಿದ ದಣ್ಣಾಯಕನಕೋಟೆ ಮುಳುಗಿದೆ. ಬರ ಬಂದು ನೀರು ತೀರ ಇಳಿದ ವರ್ಷಗಳಲ್ಲಿ ಅಲ್ಲಿಯ ಗುಡಿ ಮೇಲೆದ್ದು ಕಾಣುತ್ತದೆ. ಬಳಿಕ ಘಟ್ಟದ ಬುಡದ ಬಣ್ಣಾರಿಯಮ್ಮನ ಗುಡಿ, ಅಲ್ಲಿ ಡ್ರೈವರನೂ ಕಂಡಕ್ಟರನೂ ಕೈಮುಗಿಯದೆ ಮುಂದೆ ಹೋಗರು, ಇಪ್ಪತ್ತೇಳು ಹಿಮ್ಮುರಿ ತಿರುವುಗಳು, ದಿಂಬಂ, ಆನೆಗಳು ರಸ್ತೆಗಿಳಿಯುವ ಹಾಸನೂರು, ಪುಣಜನೂರು. ಅಲ್ಲಿಗೆ ತಮಿಳು ಫಲಕಗಳು ಮುಗಿದು ಕನ್ನಡದವು ಮೊದಲಾಗುತ್ತವೆ, ಆದರೆ ಮಾತು ಅದಕ್ಕಿಂತ ಬಹಳ ಹಿಂದೆಯೇ ಬೆರೆತು ಹೋಗಿರುತ್ತದೆ. ಇಷ್ಟನ್ನೂ ಒಂದಾದಮೇಲೊಂದು ಮುಟ್ಟಿ ಬಂದ ಪ್ರಯಾಣಿಕನಿಗೆ ಬೆಂಗಳೂರು ದೂರವೆನಿಸಿದರೆ, ವೈಶೇಷಿಕ ಪರಿಭಾಷೆಯಲ್ಲಿ ಅವನು ಸತ್ಯವನ್ನೇ ನುಡಿಯುತ್ತಿದ್ದಾನೆ.

ವಿಮಾನದಲ್ಲಿ ಹೋದವನ ಸ್ಥಿತಿ ಬೇರೆ. ಅವನ ಪಾಲಿಗೆ ನಡುವಣ ಸಂಯೋಗಗಳು ನಾಶವಾದವೆಂದಲ್ಲ, ಬಣ್ಣಾರಿಯ ಗುಡಿ ಇದ್ದಲ್ಲಿಯೇ ಇದೆ. ನಾಶವಾದುದು ಅವುಗಳ ಜ್ಞಾನ. ಜ್ಞಾನವಿಲ್ಲದೆ ಪರತ್ವವಿಲ್ಲವಾದಕಾರಣ ಅವನು ದೂರವನ್ನು ಬೇಗ ಕ್ರಮಿಸಿದವನೆಂಬುದಕ್ಕಿಂತ ದೂರವನ್ನು ಕ್ರಮಿಸದೆಯೇ ಬಂದವನೆಂಬುದು ಹೆಚ್ಚು ಸರಿ. ಇದನ್ನು ದೂಷಣೆಯ ಮಾತೆಂದು ಎಣಿಸಬಾರದು. ರುಗ್ಣಳಾದ ತಾಯಿಯನ್ನು ಚಿಕಿತ್ಸೆಗೆ ಕರೆದೊಯ್ಯುವ ಮಗನಿಗೆ ದಿಂಬದ ತಿರುವುಗಳ ತತ್ತ್ವಜ್ಞಾನವನ್ನು ಉಪದೇಶಿಸುವವನು ಮೂಢ. ಎತ್ತಿನ ಗಾಡಿಯ ಯುಗವನ್ನು ಹೊಗಳುವವರು ಬಹುಮಟ್ಟಿಗೆ ಆ ಗಾಡಿಯಲ್ಲಿ ಕುಳಿತವರ ಮೊಮ್ಮಕ್ಕಳೇ ಹೊರತು ಅದನ್ನು ಹೊಡೆದವರಲ್ಲ.

ಪುಷ್ಪಕವಿಮಾನದ ಪ್ರಸಂಗ ನನ್ನ ವಾದಕ್ಕೆ ಪ್ರತಿಕೂಲವೆಂದು ತೋರಬಹುದು. ಲಂಕೆಯಿಂದ ಅಯೋಧ್ಯೆಗೆ ರಾಮ ಮರಳಿದ್ದು ಆಕಾಶಮಾರ್ಗದಲ್ಲಿ. ವರ್ಷಗಳ ಕಾಲ ಕಾಲ್ನಡೆಯಿಂದ ಸವೆಸಿದ ನೆಲ ಆಗ ಅಲ್ಪಕಾಲದಲ್ಲಿ ಹಿಂದೆ ಸರಿಯಿತು. ಆದರೆ ರಘುವಂಶದ ಹದಿಮೂರನೆಯ ಸರ್ಗವನ್ನು ಓದಿದವರು ಬಲ್ಲರು, ಆ ವಿಮಾನದಲ್ಲಿ ರಾಮ ಮಾಡುವ ಕೆಲಸ ಒಂದೇ: ಸಮುದ್ರ, ಜನಸ್ಥಾನ, ಮಾಲ್ಯವಂತ, ಪಂಪೆ, ಪಂಚವಟಿ, ಚಿತ್ರಕೂಟ, ಗಂಗಾಯಮುನೆಯರ ಸಂಗಮ ಎಂದು ಕೆಳಗಣ ಒಂದೊಂದು ಸ್ಥಳವನ್ನೂ ಸೀತೆಗೆ ಬೆರಳುಮಾಡಿ ತೋರಿಸುವುದು. ಅವರಿಬ್ಬರ ಪಾಲಿಗೆ ನಡುವಣ ಸಂಯೋಗಗಳ ಜ್ಞಾನ ಅಳಿಯಲಿಲ್ಲ, ಏಕೆಂದರೆ ಆ ನೆಲದ ಬಹುಭಾಗವನ್ನು ಅವರ ಪಾದಗಳು ಮೊದಲೇ ಬಲ್ಲವು. ವಾಲ್ಮೀಕಿಯ ಕಥೆಯಲ್ಲಿಯಾದರೋ ಪುಷ್ಪಕ ಕಿಷ್ಕಿಂಧೆಯಲ್ಲಿ ಇಳಿದು, ಸೀತೆಯ ಇಚ್ಛೆಯಂತೆ ತಾರೆ ಮೊದಲಾದ ವಾನರಸ್ತ್ರೀಯರನ್ನೂ ಹತ್ತಿಸಿಕೊಂಡು ಮುಂದೆ ಸಾಗುತ್ತದೆ. ನಡುದಾರಿಯಲ್ಲಿ ಹೆಂಗಸರಿಗಾಗಿ ನಿಲ್ಲುವ ವಿಮಾನವನ್ನು ಕಲ್ಪಿಸಿದ ಕವಿಗೆ ನಮ್ಮ ಬಸ್ಸುಗಳ ಸ್ವಭಾವ ತಿಳಿದಿದ್ದಂತೆ ತೋರುತ್ತದೆ. ಹಾಗಾದರೆ ದೂರವನ್ನು ಕಳೆಯುವುದು ಎತ್ತರವಲ್ಲ, ವೇಗವೂ ಅಲ್ಲ, ಅಪರಿಚಯ. ಅನ್ನೂರಿನಲ್ಲಿ ಹುಟ್ಟಿ ಬೆಂಗಳೂರಿನಲ್ಲಿ ಉದ್ಯೋಗ ಮಾಡುವ ತರುಣನೊಬ್ಬ ಕಿಟಕಿಯ ಪಕ್ಕದ ಆಸನದಲ್ಲಿ ಕುಳಿತು ಭವಾನಿಸಾಗರದ ನೀರನ್ನು ಗುರುತಿಸಿದರೆ ಅವನ ಪಾಲಿಗೆ ದೂರ ಉಳಿಯುತ್ತದೆ. ಪಕ್ಕದಲ್ಲಿ ಕಣ್ಣುಮುಚ್ಚಿ ಕುಳಿತವನಿಗೆ ಅದು ಹುಟ್ಟುವುದೇ ಇಲ್ಲ.

ಅನ್ನೂರಿನ ಪೂರ್ವಕ್ಕೆ ಇರುವ ಅವಿನಾಶಿಯ ಕಥೆ ಇಲ್ಲಿ ನೆನಪಾಗುತ್ತದೆ. ಹನ್ನೆರಡನೆಯ ಶತಮಾನದ ಸೇಕ್ಕಿಳಾರನ ಪೆರಿಯಪುರಾಣ ಹೇಳುವಂತೆ, ಶಿವಭಕ್ತ ಸುಂದರಮೂರ್ತಿ ಆ ಊರ ಬೀದಿಯಲ್ಲಿ ಬರುತ್ತಿರುವಾಗ ಒಂದು ಮನೆಯಲ್ಲಿ ಉಪನಯನದ ಮಂಗಳವಾದ್ಯವೂ ಎದುರು ಮನೆಯಲ್ಲಿ ಅಳುವೂ ಕೇಳಿಬಂದುವು; ಕೆಲವು ವರ್ಷಗಳ ಹಿಂದೆ ಸ್ನಾನಕ್ಕೆ ಹೋದ ಇಬ್ಬರು ಬಾಲಕರಲ್ಲಿ ಒಬ್ಬನನ್ನು ಮೊಸಳೆ ನುಂಗಿತ್ತು, ಉಳಿದವನಿಗೆ ಈಗ ಉಪನಯನ. ಸುಂದರಮೂರ್ತಿ ಹಾಡಿದ, ಮೊಸಳೆ ಬಾಲಕನನ್ನು ತಂದು ದಡದಲ್ಲಿ ಉಗುಳಿತು, ಅವನಾದರೋ ಕಳೆದ ಅಷ್ಟೂ ವರ್ಷಗಳ ಬೆಳವಣಿಗೆಯನ್ನು ಪಡೆದೇ ಹೊರಬಂದ. ಕಾಲಕೃತ ಪರತ್ವ ಅವನಿಗೆ ಸಂದಿತು, ಆದರೆ ಆ ಕಾಲದಲ್ಲಿ ಅವನು ಏನನ್ನೂ ಮುಟ್ಟಲಿಲ್ಲ, ಎಲ್ಲಿಗೂ ಹೋಗಲಿಲ್ಲ. ಮುಚ್ಚಿದ ಕೊಳವೆಯಾಕಾರದ ಯಂತ್ರದ ಹೊಟ್ಟೆಯಲ್ಲಿ ಪಟ್ಟಿ ಬಿಗಿದು ಕುಳಿತು, ಗಡಿಯಾರದ ಒಂದು ಗಂಟೆಯನ್ನು ಮಾತ್ರ ಬೆಳೆದು, ಇನ್ನೊಂದು ನಗರದಲ್ಲಿ ಹೊರಬೀಳುವವರ ಕಥೆಯನ್ನು ಸೇಕ್ಕಿಳಾರ ಮುಂದಾಗಿ ಬರೆದಿಟ್ಟನೆಂದು ನಾನು ಹೇಳಿದರೆ ಭಕ್ತರು ಕ್ಷಮಿಸಬೇಕು. ಬಾಲಕ ಮರಳಿದ್ದಕ್ಕೆ ತಾಯಿ ಪಟ್ಟ ಸಂತೋಷ ಎರಡು ಪಕ್ಷದಲ್ಲಿಯೂ ಒಂದೇ.

ಧರ್ಮಶಾಸ್ತ್ರಕಾರರು ವಾಹನದ ವಿಷಯದಲ್ಲಿ ಖಂಡಿತವಾದಿಗಳು. ಯಾನವೇರಿ ತೀರ್ಥಕ್ಕೆ ಹೋದವನ ಫಲ ಕುಂದುತ್ತದೆಂಬುದು ಅವರ ಸಾಮಾನ್ಯ ಮತ. ಪ್ರಯಾಗಕ್ಕೆ ಎತ್ತನ್ನೇರಿ ಹೋಗುವವನನ್ನು ಮತ್ಸ್ಯಪುರಾಣ ನರಕಕ್ಕೇ ಕಳುಹಿಸುತ್ತದೆ. ಐಶ್ವರ್ಯದ ಮದದಿಂದಲೋ ಲೋಭಮೋಹಗಳಿಂದಲೋ ವಾಹನದಲ್ಲಿ ಹೋದವನ ಯಾತ್ರೆ ನಿಷ್ಫಲವೆನ್ನುತ್ತದೆ. ಗಮನಿಸತಕ್ಕದ್ದೇನೆಂದರೆ, ಅಲ್ಲಿಯ ಆಕ್ಷೇಪಣೆ ಬೇಗ ತಲುಪಿದ್ದಕ್ಕಲ್ಲ. ಗೋವುಗಳ ಕೋಪ ಭಯಂಕರವೆಂಬುದು ಒಂದು ಕಾರಣ, ಏರಿ ಕುಳಿತವನ ಅಹಂಕಾರ ಇನ್ನೊಂದು. ಮಂದಗತಿಯೇ ಪುಣ್ಯವೆಂದು ಪುರಾಣಕಾರ ಎಲ್ಲಿಯೂ ಹೇಳಿದಂತೆ ನನಗೆ ಕಾಣುವುದಿಲ್ಲ.

ಕೊಂಗುನಾಡಿನ ಅತಿ ದೊಡ್ಡ ಪಾದಯಾತ್ರೆ ಪಳನಿಯದು. ತೈಪೂಸದ ದಿನಗಳಲ್ಲಿ ಈ ಸೀಮೆಯ ರಸ್ತೆಗಳ ಅಂಚೆಲ್ಲ ಕಾವಡಿ ಹೊತ್ತವರಿಂದ ತುಂಬಿರುತ್ತದೆ. ಆ ಕ್ಷೇತ್ರದ ಮೂಲಕಥೆಯೇ ಪ್ರಯಾಣಕಾಲದ ಪಂದ್ಯ: ಲೋಕವನ್ನು ಮೊದಲು ಸುತ್ತಿಬಂದವನಿಗೆ ಹಣ್ಣು ಎಂದಾಗ ಷಣ್ಮುಖ ನವಿಲನ್ನೇರಿ ಹಾರಿದ, ಗಣಪತಿ ತಾಯಿತಂದೆಯರನ್ನು ಒಂದು ಸುತ್ತು ಬಂದು ಗೆದ್ದ, ಸೋತು ಮುನಿದ ಕುಮಾರ ಬಂದು ನಿಂತ ಬೆಟ್ಟವೇ ಪಳನಿ. ಪಂದ್ಯದ ನ್ಯಾಯದಂತೆ ಹಾರಿದವನದು ಸೋಲು, ನಿಂತಲ್ಲಿಯೇ ತಿರುಗಿದವನದು ಗೆಲುವು. ಆದರೆ ಜನ ಹೊಟ್ಟೆಪಾಡನ್ನು ಬಿಟ್ಟು ದಿನಗಟ್ಟಲೆ ನಡೆದು ಹೋಗುವುದು ಸೋತವನ ಬಳಿಗೆ. ಗೆದ್ದವನು ಪ್ರತಿಯೊಂದು ಬೀದಿಯ ತಿರುವಿನಲ್ಲಿಯೂ ಇದ್ದಾನೆ, ಅವನಿಗಾಗಿ ಯಾರೂ ನಡೆಯಬೇಕಾಗಿಲ್ಲ. ನವಿಲೇರಿ ಲೋಕದ ಒಂದೊಂದು ಎಡೆಯನ್ನೂ ನಿಜವಾಗಿ ಸುತ್ತಿದವನಿಗೆ ಮಾತ್ರ ದೂರವೆಂಬ ಗುಣ ದಕ್ಕಿತು, ಆ ಗುಣವೇ ಜನರನ್ನು ಎಳೆಯುತ್ತದೆ. ಬೆಟ್ಟದ 693 ಮೆಟ್ಟಿಲುಗಳ ಪಕ್ಕದಲ್ಲಿ 2004ರಿಂದ ಹಗ್ಗದ ತೇರೂ ಓಡುತ್ತಿದೆ. ಊರಿನಿಂದ ನಡೆದು ಬಂದವರು ಕೊನೆಯ ಏರನ್ನು ಅದರಲ್ಲಿ ಹತ್ತಿದರೆ ಷಣ್ಮುಖನಿಗೆ ಅಭ್ಯಂತರವಿರಲಾರದು.

ಇನ್ನು ಕಾಲಕೃತವಾದ ದೂರ. ಅನ್ನೂರು, ಕಾರಮಡೆ, ಸಿರುಮುಗೈ, ಪುಳಿಯಂಪಟ್ಟಿಗಳ ಸುತ್ತಿನ ಒಕ್ಕಲಿಗರ ಮನೆಗಳಲ್ಲಿಯೂ ನೇಯುವ ದೇವಾಂಗರ ಕೇರಿಗಳಲ್ಲಿಯೂ ಇಂದಿಗೂ ಕೇಳಿಬರುವುದು ಕನ್ನಡ; ಓದುಬರಹ ತಮಿಳಿನಲ್ಲಿ, ಒಲೆಯ ಮುಂದಿನ ಮಾತು ಕನ್ನಡದಲ್ಲಿ. ದೇವಾಂಗರ ಗುರುಪೀಠ ಹಂಪೆಯ ಹೇಮಕೂಟದಲ್ಲಿದೆ. ಅವರ ಚೌಡೇಶ್ವರಿಯನ್ನು ಕೊಯಮತ್ತೂರಿನಲ್ಲಿ ವಿಜಯದಶಮಿಯಂದು ಗುಡಿಗೆ ಕರೆತರುವಾಗ ಗಂಡಸರು ಎದೆಗೆ ಅಲಗು ಹೊಡೆದುಕೊಳ್ಳುತ್ತ ಹೆಜ್ಜೆಹೆಜ್ಜೆಗೂ ನಿಂತು ನಡೆಯುತ್ತಾರೆ, ಕೆಲವೇ ಬೀದಿಗಳ ಹಾದಿ ಗಂಟೆಗಟ್ಟಲೆ ಹಿಡಿಯುತ್ತದೆ. ಅನ್ನೂರಿನಿಂದ ಚಾಮರಾಜನಗರ ಹಕ್ಕಿಯ ಹಾದಿಯಲ್ಲಿ ಸುಮಾರು 80 ಕಿಲೋಮೀಟರು ಮಾತ್ರ. 1799ರಲ್ಲಿ ಶ್ರೀರಂಗಪಟ್ಟಣ ಬೀಳುವವರೆಗೆ ಈ ಸೀಮೆಯೂ ಆ ಸೀಮೆಯೂ ಒಂದೇ ಆಳ್ವಿಕೆಯಲ್ಲಿದ್ದುವು. ಅದಕ್ಕೂ ಬಹಳ ಹಿಂದೆ, ಶ್ರವಣಬೆಳಗೊಳದಲ್ಲಿ ಗೊಮ್ಮಟನನ್ನು ನಿಲ್ಲಿಸಿದ ಚಾವುಂಡರಾಯನ ತಂಗಿ ಸಲ್ಲೇಖನವ್ರತವನ್ನು ಕೈಕೊಂಡು ದೇಹವಿಟ್ಟದ್ದು ಅವಿನಾಶಿಯ ಆಚೆಗಿರುವ ವಿಜಯಮಂಗಲದ ಬಸದಿಯಲ್ಲಿ. ಶ್ರವಣಬೆಳಗೊಳದಿಂದ ವಿಜಯಮಂಗಲಕ್ಕೆ ಆ ಕಾಲದವರು ಎಣಿಸಿದ ದೂರ ನಮ್ಮದಾಗಿರಲಿಲ್ಲ. ಇಷ್ಟು ಸಮೀಪದ ನೆಲದಲ್ಲಿ ನಿಂತ ಅನ್ನೂರಿನ ಕನ್ನಡತಿಗೂ ಬೆಂಗಳೂರಿನ ಕನ್ನಡಿಗನಿಗೂ ನಡುವೆ ಬಿದ್ದಿರುವುದು ತಲೆಮಾರುಗಳು. ಪ್ರಶಸ್ತಪಾದ ವಯಸ್ಸಿನ ಪರತ್ವಕ್ಕೆ ಗುರುತಾಗಿ ಗಡ್ಡ, ಸುಕ್ಕು, ನರೆಗಳನ್ನು ಹೇಳುತ್ತಾನೆ. ಭಾಷೆಗೆ ನರೆ ಬರುವುದು ಬೇರೆ ರೀತಿ. ನಾವು ನಗರದಲ್ಲಿ ಕಳೆದುಕೊಂಡ ರೂಪಗಳು ಆಕೆಯ ಬಾಯಲ್ಲಿ ಉಳಿದಿರುತ್ತವೆ, ನಮ್ಮ ಹೊಸ ಮಾತುಗಳು ಆಕೆಗೆ ಪರಕೀಯ. ಈ ದೂರವನ್ನು ಕಡಿಮೆ ಮಾಡುವ ವಿಮಾನಸೇವೆಯನ್ನು ಯಾವ ಕಂಪೆನಿಯೂ ಆರಂಭಿಸಿಲ್ಲ, ರಸ್ತೆಯಾದರೂ ಸ್ವಲ್ಪ ಮಟ್ಟಿಗೆ ಆ ಕೆಲಸವನ್ನು ಮಾಡುತ್ತದೆ: ಪುಳಿಯಂಪಟ್ಟಿಯ ಸಂತೆಯಿಂದ ಘಟ್ಟದ ಮೇಲಣ ತಾಳವಾಡಿಯ ಹಳ್ಳಿಗಳವರೆಗೆ ಕಿವಿಯನ್ನು ತೆರೆದಿಟ್ಟು ಬಂದವನು ಒಂದು ಕನ್ನಡ ಇನ್ನೊಂದಾಗುವುದನ್ನು ಮೆಟ್ಟಿಲುಮೆಟ್ಟಿಲಾಗಿ ಕೇಳುತ್ತಾನೆ.

ನವ್ಯನ್ಯಾಯದ ಧೀರ ರಘುನಾಥ ಶಿರೋಮಣಿ ವೈಶೇಷಿಕರ ಈ ಇಡೀ ಕಟ್ಟಡವನ್ನೇ ಒಡೆದವನು. ದಿಕ್ಕು, ಕಾಲಗಳೆಂಬ ಪ್ರತ್ಯೇಕ ದ್ರವ್ಯಗಳಿಲ್ಲ, ಅವು ಈಶ್ವರನೇ ಎಂದ. ಪರತ್ವಾಪರತ್ವಗಳನ್ನೂ ಬೇರೆ ಗುಣಗಳೆಂದು ಒಪ್ಪಲಿಲ್ಲ. ಕೇಳಿದ ಕೂಡಲೇ ಮನಸ್ಸನ್ನು ಸೂರೆಗೊಳ್ಳುವ ಮತ: ಎರಡು ನಗರಗಳ ನಡುವೆ ಇರುವುದು ದೇವರೇ ಆದರೆ, ದಾರಿಯಾವುದಾದರೇನು, ಗಂಟೆಯೆಷ್ಟಾದರೇನು? ಅಂಗೈಯಲ್ಲಿ ಇಷ್ಟಲಿಂಗವನ್ನು ಹಿಡಿದು ಕಣ್ಣಿಗೂ ಲಿಂಗಕ್ಕೂ ನಡುವೆ ಗೇಣುದೂರವನ್ನಷ್ಟೆ ಉಳಿಸಿದ ಶರಣರೂ ಬೇರೆ ಹಾದಿಯಿಂದ ಇಲ್ಲಿಗೇ ಬಂದರೆನ್ನಬಹುದು. ಆದರೂ ನನ್ನ ಒಲವು ಹಳೆಯ ವೈಶೇಷಿಕರ ಕಡೆಗೆ. ನಡುವೆ ಇರುವುದು ಈಶ್ವರನೊಬ್ಬನೇ ಎಂದು ಬಿಟ್ಟರೆ ಅನ್ನೂರು ಮತ್ತೊಮ್ಮೆ ಕಾಣದೆ ಹೋಗುತ್ತದೆ, ಈ ಸಲ ವಿಮಾನದಿಂದಲ್ಲ, ಅದ್ವೈತದಿಂದ. ದೇವರ ದೂರ ಕೂಡ ನಡುವಣ ವಸ್ತುಗಳ, ಮನುಷ್ಯರ, ಪ್ರಾಣಿಗಳ ಸಂಯೋಗಗಳಿಂದಲೇ ಉಂಟಾದುದೆಂದೂ, ಅವನ್ನು ಅರಿಯದೆ ಹಾರಿದವನು ದೇವರನ್ನು ಸಮೀಪಿಸಿದಂತಾಗಲಿಲ್ಲವೆಂದೂ ನಾನು ತಿಳಿದಿದ್ದೇನೆ.

ನನ್ನ ಈ ತಿಳಿವಳಿಕೆಗೆ ಇತ್ತೀಚೆಗೆ ಅನಿರೀಕ್ಷಿತವಾದ ಕಡೆಯಿಂದ ಸಮರ್ಥನೆ ಬಂದಿತು. ಸತ್ಯಮಂಗಲದ ಕಾಡು 2013ರಲ್ಲಿ ಹುಲಿಗಳ ಮೀಸಲು ಪ್ರದೇಶವೆಂದು ಘೋಷಿತವಾಯಿತು. 2022ರ ಫೆಬ್ರವರಿಯಲ್ಲಿ ಮದರಾಸಿನ ಉಚ್ಚ ನ್ಯಾಯಾಲಯದ ಆದೇಶದಂತೆ ಬಣ್ಣಾರಿಗೂ ಗಡಿಯ ಕಾರಪಳ್ಳಕ್ಕೂ ನಡುವಣ ಘಟ್ಟದಲ್ಲಿ ರಾತ್ರಿಯ ಸಂಚಾರ ನಿಷಿದ್ಧವಾಗಿ, ಸಂಜೆ ಆರರಿಂದ ಬೆಳಗಿನ ಆರರವರೆಗೆ ಭಾರದ ಲಾರಿಗಳಿಗೂ, ರಾತ್ರಿ ಒಂಬತ್ತರ ಮೇಲೆ ಕಾರುಗಳಿಗೂ ದಾರಿ ಮುಚ್ಚಿತು. ರಸ್ತೆಯನ್ನು ಅಗಲಿಸಿ ದೂರವನ್ನು ಮೊಟಕುಗೊಳಿಸುವುದನ್ನೇ ಕಸುಬಾಗಿಸಿಕೊಂಡ ರಾಜ್ಯವ್ಯವಸ್ಥೆ ಈ ದಾರಿಯಲ್ಲಿ ಎರಡು ನಗರಗಳ ನಡುವಣ ಕಾಲವನ್ನು ತಾನಾಗಿ ಹನ್ನೆರಡು ಗಂಟೆಯವರೆಗೆ ಹೆಚ್ಚಿಸಿತು. ಚಕ್ರಕ್ಕೆ ಸಿಕ್ಕಿ ಸಾಯುವ ಮೃಗಗಳ ದುಃಖವನ್ನು ಅದು ಕಾರಣವಾಗಿ ಕೊಟ್ಟಾಗ, ಎತ್ತಿನ ಕೋಪಕ್ಕೆ ಹೆದರಿದ ಮತ್ಸ್ಯಪುರಾಣದ ಕರ್ತೃವಿಗೆ ಆ ತೀರ್ಪಿನ ಭಾಷೆ ಅರ್ಥವಾಗುತ್ತಿತ್ತು. ತಾಳವಾಡಿಯ ರೈತರು ಮಾತ್ರ ಇದನ್ನು ಪ್ರತಿಭಟಿಸಿದರು. ಅವರ ತರಕಾರಿಗೆ ಮಾರುಕಟ್ಟೆ ಘಟ್ಟದ ಕೆಳಗಿದೆ, ಕೊಯ್ದ ಸೊಪ್ಪು ಬೆಳಗಿನವರೆಗೆ ಕಾಯುವುದಿಲ್ಲ, ರಾತ್ರಿ ಹೆರಿಗೆಯ ಬೇನೆ ಬಂದವಳ ಮನೆಯವರ ಎದೆಗುದಿಯೂ ಕಾಯುವುದಿಲ್ಲ. ಕೊಯಮತ್ತೂರಿನಿಂದ ಬೆಂಗಳೂರಿಗೆ ಹೋಗುವವನಿಗೆ ಸೇಲಂ ದಾರಿಯುಂಟು, ವಿಮಾನವೂ ಉಂಟು. ನಡುವೆಯೇ ಮನೆಯಿರುವ ಅವರಿಗೆ ಘಟ್ಟವಿಳಿಯಲು ಇರುವುದು ಅದೊಂದೇ ರಸ್ತೆ, ಹುಲಿಗೂ ಅದೊಂದೇ ಕಾಡು.